ಮಾನಸಗಂಗೋತ್ರಿಯಲ್ಲಿ ಜಿಪಿಎಸ್ ಗುರುತು: ನನ್ನ ಅನುಭವ

ಮೈಸೂರು ವಿಶ್ವವಿದ್ಯಾಲಯದ ಮಾನಸಗಂಗೋತ್ರಿಯಂಥ, ಇಷ್ಟು ಮರ ಇರುವ ಕ್ಯಾಂಪಸ್ಸಿನಲ್ಲಿ ಜಿಪಿಎಸ್ ನಂಬಿ ಕುರುಡರು ನಡೆಯೋಕಾಗಲ್ಲ ಅಂತ ನನಗೆ ಹೇಳಿದವರು ಒಬ್ಬಿಬ್ಬರಲ್ಲ. ಈಗ ಕುಕ್ಕರಹಳ್ಳಿ ಕೆರೆ ಕಡೆಯಿಂದ ಗ್ರಂಥಾಲಯದ ತನಕ ಬಿಳಿಕೋಲು, ಫೋನ್ ಇಷ್ಟರಲ್ಲೇ ಒಬ್ಬನೇ ಹೋಗಿ ಬರುತ್ತೇನೆ. ಯಾರ ಕೈಯನ್ನೂ ಹಿಡಿಯುವುದಿಲ್ಲ.

ಫೋನಿನ ನಕ್ಷೆಯಲ್ಲಿ ಜಾಗ ತೋರಿಸಲು ಮೊದಲೇ ಇರುವ ಪಿನ್‌ಗಳು ನಮಗೆ ಪ್ರಯೋಜನವಿಲ್ಲ. ಅವು ಹೆಚ್ಚಾಗಿ ಕಟ್ಟಡದ ನಡುವೆ ಬಿದ್ದಿರುತ್ತವೆ. ತಲುಪಿದಿರಿ ಅಂತ ಫೋನ್ ಹೇಳುವ ಹೊತ್ತಿಗೆ ನಾನು ಹಿಂಬದಿ ಗೋಡೆಯ ಹತ್ತಿರ ಇರುತ್ತಿದ್ದೆ. ಬಾಗಿಲಲ್ಲೇ ನಿಂತು ಗುರುತು ಹಾಕಿದರೂ ಕೈಕೊಟ್ಟಿತು. ಪೋರ್ಟಿಕೋ ಕೆಳಗೆ ಅರ್ಧ ಆಕಾಶ ಮುಚ್ಚಿರುತ್ತದೆ, ಉಪಗ್ರಹದ ಸಿಗ್ನಲ್ ಗೋಡೆಗೆ ಬಡಿದು ಬರುತ್ತದೆ. ಬೆಳಿಗ್ಗೆ ಹಾಕಿದ ಗುರುತು ಸಂಜೆ ಹದಿನೈದು, ಇಪ್ಪತ್ತು ಮೀಟರ್ ಆಚೆ ತೋರಿಸುತ್ತಿತ್ತು. ಬಯಲಲ್ಲಾದರೆ ಫೋನಿನ ವ್ಯತ್ಯಾಸ ಸುಮಾರು 5 ಮೀಟರ್ ಅಷ್ಟೇ.

ಹಾಗಾಗಿ ಬಾಗಿಲನ್ನೇ ಬಿಟ್ಟೆ. ರಸ್ತೆಯಿಂದ ಕಾಲುದಾರಿ ಒಡೆಯುವ ಜಾಗದಲ್ಲಿ, ಮೇಲೆ ಆಕಾಶ ತೆರೆದಿರುವ ಕಡೆ ಗುರುತು ಹಾಕಿದೆ. ಅಲ್ಲಿ ಕೋಲಿಗೆ ಸಿಗುವಂಥದ್ದು ಏನಾದರೂ ಇರಲೇಬೇಕು: ಚಪ್ಪಡಿ, ಇಳಿಜಾರು, ಕಬ್ಬಿಣದ ಜಾಲರಿ. ಅಲ್ಲಿಯವರೆಗೆ ಜಿಪಿಎಸ್, ಅಲ್ಲಿಂದ ಮುಂದೆ ಕೋಲು. ಫೋನನ್ನು ಭುಜದ ಎತ್ತರಕ್ಕೆ ಹಿಡಿದು ಎರಡು ಮೂರು ನಿಮಿಷ ನಿಲ್ಲುತ್ತೇನೆ. ಇನ್ನೊಂದು ದಿನ ಎದುರು ದಿಕ್ಕಿನಿಂದ ಬಂದು ಮತ್ತೆ ಅಳೆದು ಸರಾಸರಿ ತೆಗೆಯುತ್ತೇನೆ. ಯಾವ ಅಳತೆ ಇಟ್ಟುಕೊಳ್ಳಬೇಕು, ಯಾವುದನ್ನು ಬಿಡಬೇಕು ಅನ್ನುವುದಕ್ಕೆ ನನ್ನದೇ ಒಂದು ಲೆಕ್ಕ ಇದೆ. ಅದನ್ನು ಜೊತೆಗೆ ನಡೆದವರಿಗೆ ಮಾತ್ರ ಹೇಳಿಕೊಡುತ್ತೇನೆ.

ಹೆಸರಿಡುವುದರಲ್ಲೂ ಕೆಲಸ ಇದೆ. ಗುರುತಿನ ಹೆಸರನ್ನು ಫೋನ್ ಓದಿ ಹೇಳುತ್ತದೆ, ನಡೆಯುವಾಗ ಅದರ ಮೊದಲ ಪದವಷ್ಟೇ ಸರಿಯಾಗಿ ಕೇಳುತ್ತದೆ, ಅಲ್ವಾ? ಅದಕ್ಕೇ 'ಗ್ರಂಥಾಲಯ, ಕೆರೆ ಕಡೆಯಿಂದ, ಎಡಕ್ಕೆ ಚಪ್ಪಡಿ' ಅಂತ ಬರೆಯುತ್ತೇನೆ. ಯಾವ ಕಡೆಯಿಂದ ಬರುತ್ತಿದ್ದೀರಿ ಅಂತ ಹೇಳದೆ ಎಡ, ಬಲ ಅಂತ ಸುಮ್ನೆ ಬರೆದರೆ ವಾಪಸ್ ಬರುವಾಗ ಎಲ್ಲ ತಿರುಗುಮುರುಗು.

ದುಡ್ಡಿನ ವಿಷಯ. ಕಿವಿ ಮುಚ್ಚದೆ ಮೂಳೆಯ ಮೂಲಕ ದನಿ ಕೇಳಿಸುವ ಬೋನ್ ಕಂಡಕ್ಷನ್ ಹೆಡ್‌ಫೋನ್‌ಗೆ ಐದಾರು ಸಾವಿರ ಆಯಿತು, ಅದು ಸಾರ್ಥಕ. ಹಳೆಯದೊಂದು ಹೊರಗಿನ ಜಿಪಿಎಸ್ ರಿಸೀವರ್‌ಗೆ ಮೂರು ಸಾವಿರದ ಹತ್ತಿರ ಕೊಟ್ಟೆ. ಮರದಡಿ ಅದೂ ಫೋನಿನಷ್ಟೇ ಅಲೆದಾಡಿತು. ಕಾರಿಡಾರ್‌ಗೆ ಅಂತ ಫೋನಿಗೆ ಜಾಗ ತಿಳಿಸಲು ಸಿಗ್ನಲ್ ಕಳಿಸುವ ಪುಟ್ಟ ಸಾಧನ, ಬ್ಲೂಟೂತ್ ಬೀಕನ್ ಕೂಡ ಅಂಟಿಸಿ ನೋಡಿದೆ. ಕೆಲವು ಮಳೆಗಾಲದಲ್ಲಿ ಕೆಟ್ಟವು, ಇನ್ನು ಕೆಲವನ್ನು ಸುಣ್ಣ ಬಳಿಯುವವರು ಕಿತ್ತು ಹಾಕಿದರು.

ಗುರುತುಗಳನ್ನು ನಕ್ಷೆಯ ಆ್ಯಪ್ ಆದ ಓಎಸ್‌ಎಂಆ್ಯಂಡ್‌ನಲ್ಲಿ ಹಾಕಿ, ಬೇರೆ ಆ್ಯಪ್ಪುಗಳೂ ಓದಬಲ್ಲ ಜಿಪಿಎಕ್ಸ್ ಫೈಲಾಗಿ ಬೇರೆ ಕಡೆಯೂ ಇಡುತ್ತೇನೆ. ಮೈಕ್ರೋಸಾಫ್ಟ್‌ನ ಸೌಂಡ್‌ಸ್ಕೇಪ್, ಸುತ್ತ ಏನಿದೆ ಅಂತ ದನಿಯಲ್ಲಿ ಹೇಳುತ್ತಿದ್ದ ಆ್ಯಪ್, ಎಷ್ಟು ಚೆನ್ನಾಗಿತ್ತು! 2023ರಲ್ಲಿ ಅದನ್ನು ನಿಲ್ಲಿಸಿದರು. ಆ್ಯಪ್ ಹೋದರೂ ಗುರುತು ಉಳಿಯಬೇಕು.

ಹೊಸದಾಗಿ ಸೇರಿದ ಎಂ.ಎ. ವಿದ್ಯಾರ್ಥಿನಿಯೊಬ್ಬಳಿಗೆ ಆ ಫೈಲು ಕಳಿಸಿದ್ದೆ. ಒಂದೆರಡು ಗುರುತಿಗೆ ತನಗೆ ಸಿಕ್ಕ ಚಪ್ಪಡಿ, ಗುಂಡಿಗಳನ್ನು ಸೇರಿಸಿ ವಾಪಸ್ ಕಳಿಸಿದಳು. ಬಯಲು ರಂಗಮಂದಿರದ ಕಡೆ ದಾರಿ ಇನ್ನೂ ಬಾಕಿ ಇದೆ. ಮಾಘದಲ್ಲಿ ಎಲೆ ಉದುರಿದಾಗ ಅಳತೆ ಚೆನ್ನಾಗಿ ಬರುತ್ತದೆ, ಆಗ ಅದನ್ನು ಮುಗಿಸುತ್ತೇನೆ.