ಮೂವರ ಸಿಎಸ್‌ಎಸ್‌ಗೆ ಒಂದೇ ಕಟ್ಟಳೆ

ಶಿರಸಿಯ ನಮ್ಮ ಪುಟ್ಟ ಕಚೇರಿಯಲ್ಲಿ ಕೋಡ್ ಬರೆಯುವವರು ಮೂವರು. ಹೋಂಸ್ಟೇಯವರು, ಅಡಿಕೆ ವ್ಯಾಪಾರಿಗಳು, ಯಕ್ಷಗಾನ ಮೇಳದವರು ಕೇಳಿದಂತೆ ವೆಬ್‌ಸೈಟ್ ಕಟ್ಟಿಕೊಡುವುದು ಕೆಲಸ. ಕಳೆದ ಮಳೆಗಾಲದಲ್ಲಿ ಒಂದು ಹೋಂಸ್ಟೇ ಪುಟದ ತಲೆಬರಹ ಏನು ಮಾಡಿದರೂ ಹಸಿರಾಗಲೊಲ್ಲದು. ಅರ್ಧ ದಿನ ಹುಡುಕಿದ ಮೇಲೆ ಸಿಕ್ಕಿತು: ‘ಕಲರ್’ ಎಂಬಲ್ಲಿ ನಾನು ಶಾಲೆಯಲ್ಲಿ ಕಲಿತಂತೆ ‘ಯು’ ಅಕ್ಷರ ಸೇರಿಸಿದ್ದೆ. ಸಿಎಸ್‌ಎಸ್‌ಗೆ, ಅಂದರೆ ಪುಟದ ಬಣ್ಣ, ಅಳತೆ, ಅಂದ ಹೇಳುವ ಭಾಷೆಗೆ, ಬೇಕಾದ್ದು ಅಮೆರಿಕದ ಕಾಗುಣಿತ. ಬ್ರೌಸರ್ ತನಗೆ ಗೊತ್ತಿಲ್ಲದ ಸಾಲನ್ನು ಚಕಾರ ಎತ್ತದೆ ಬಿಟ್ಟುಬಿಡುತ್ತದೆ. ಇಂಥದ್ದನ್ನು ಬರೆಯುವಾಗಲೇ ಹಿಡಿದುಕೊಡುವ ಸಲಕರಣೆ ಲಿಂಟರ್. ಸಿಎಸ್‌ಎಸ್‌ಗೆ ಇರುವುದು ಸ್ಟೈಲ್‌ಲಿಂಟ್.

ಹಾಕಿಕೊಳ್ಳುವುದು ಸುಲಭ. ಮೂವರೂ ಒಂದೇ ನಿಯಮಕ್ಕೆ ಒಗ್ಗುವುದು ಕಷ್ಟ. ಕೋಕಾ, ಬಿಳಿಗೋಟು, ಕೆಂಪುಗೋಟು ಎಂದು ಅಡಿಕೆ ವಿಂಗಡಿಸಲು ಕೂತವರು ಆಳಿಗೊಂದು ಲೆಕ್ಕ ಇಟ್ಟುಕೊಂಡರೆ ರಾಶಿ ಕಲಬೆರಕೆಯೇ ಆಗುತ್ತದೆ. ಹಾಗಾಗಿ ನಿಯಮಗಳನ್ನು ಪ್ರತಿ ಪ್ರಾಜೆಕ್ಟಿನಲ್ಲೂ ನಕಲು ಮಾಡುವ ಬದಲು ಒಂದೇ ಪ್ಯಾಕೇಜ್, ಅಂದರೆ ಯಾವ ಪ್ರಾಜೆಕ್ಟಿಗೂ ಹಾಕಿಕೊಳ್ಳಬಹುದಾದ ಕೋಡಿನ ಕಟ್ಟು, ಮಾಡಿಟ್ಟುಕೊಳ್ಳಿ. (ಮುಂದೆ ಬರುವ ಪ್ಯಾಕೇಜ್, ನಿಯಮಗಳ ಹೆಸರನ್ನು ಟೈಪ್ ಮಾಡುವಾಗ ಇಂಗ್ಲಿಷಿನ ಸಣ್ಣ ಅಕ್ಷರ ಬಳಸಿ.)

ಮೊದಲು ಖಾಲಿ ಫೋಲ್ಡರಿನಲ್ಲಿ ‘ಎನ್‌ಪಿಎಂ ಇನಿಟ್’ ಓಡಿಸಿ (ಎನ್‌ಪಿಎಂ ಎಂದರೆ ಇಂಥ ಪ್ಯಾಕೇಜುಗಳನ್ನು ಇಳಿಸುವ, ಹಂಚುವ ಸಲಕರಣೆ). ಪ್ಯಾಕೇಜಿನ ಹೆಸರು ‘ಸ್ಟೈಲ್‌ಲಿಂಟ್-ಕಾನ್ಫಿಗ್-’ ಎಂದು ಶುರುವಾಗಿ ನಿಮ್ಮ ತಂಡದ ಹೆಸರಿನಿಂದ ಮುಗಿಯಲಿ, ವಾಡಿಕೆ ಹಾಗಿದೆ. ಒಳಗೆ ಒಂದು ಇಂಡೆಕ್ಸ್ ಕಡತ ಸಾಕು. ಅದು ಹೊರಗೆ ಕೊಡುವ ಆಬ್ಜೆಕ್ಟಿನಲ್ಲಿ ಎರಡು ಭಾಗ: ‘ಎಕ್ಸ್‌ಟೆಂಡ್ಸ್’ ಎಂಬಲ್ಲಿ ‘ಸ್ಟೈಲ್‌ಲಿಂಟ್-ಕಾನ್ಫಿಗ್-ಸ್ಟ್ಯಾಂಡರ್ಡ್’ (ಸ್ಟೈಲ್‌ಲಿಂಟ್‌ನವರೇ ಕೊಡುವ ಸಿದ್ಧ ನಿಯಮಗಳ ಪ್ಯಾಕೇಜ್), ‘ರೂಲ್ಸ್’ ಎಂಬಲ್ಲಿ ನಿಮ್ಮದೇ ಬದಲಾವಣೆಗಳು. ‘ಕಲರ್’ ತಪ್ಪಿನಂಥವನ್ನೆಲ್ಲ ಸ್ಟ್ಯಾಂಡರ್ಡ್ ಆಗಲೇ ಹಿಡಿಯುತ್ತದೆ.

ನಾನು ಎಡವಿದ್ದು ಇಲ್ಲಿ. ಸ್ಟ್ಯಾಂಡರ್ಡ್ ಪ್ಯಾಕೇಜನ್ನು ಡೆವ್ ಡಿಪೆಂಡೆನ್ಸಿಗೆ, ಅಂದರೆ ಪ್ಯಾಕೇಜ್ ಕಟ್ಟುವವರಿಗಷ್ಟೇ ಬೇಕಾದವುಗಳ ಪಟ್ಟಿಗೆ, ಸೇರಿಸಿದ್ದೆ. ನನ್ನ ಲ್ಯಾಪ್‌ಟಾಪಿನಲ್ಲಿ ಎಲ್ಲ ಸರಿ. ಪಕ್ಕದ ಮೇಜಿನಿಂದ ಮಾತ್ರ, ‘ಎಂತ ಮಾರಾಯಾ, ಕಾನ್ಫಿಗ್ ಸಿಗ್ತಾನೇ ಇಲ್ಲ ಅಂತದೆ!’ ಡೆವ್ ಡಿಪೆಂಡೆನ್ಸಿಗಳು ಪ್ಯಾಕೇಜನ್ನು ಬಳಸುವವರಿಗೆ ಇನ್‌ಸ್ಟಾಲ್ ಆಗುವುದಿಲ್ಲ. ಆದ್ದರಿಂದ ಸ್ಟ್ಯಾಂಡರ್ಡ್ ಮಾಮೂಲಿ ಡಿಪೆಂಡೆನ್ಸಿಯಲ್ಲಿರಬೇಕು. ಸ್ಟೈಲ್‌ಲಿಂಟ್ ಮಾತ್ರ ಪಿಯರ್ ಡಿಪೆಂಡೆನ್ಸಿ, ಅಂದರೆ ಅದರ ಯಾವ ಆವೃತ್ತಿ ಬೇಕೆಂದು ಹೇಳುವುದಷ್ಟೇ ನಮ್ಮ ಕೆಲಸ, ತರುವುದು ಪ್ರಾಜೆಕ್ಟಿಗೆ ಬಿಟ್ಟದ್ದು.

ಇನ್ನು ನಿಯಮಗಳು. ಸ್ಪೇಸ್ ಎಷ್ಟು, ಟ್ಯಾಬ್ ಎಷ್ಟು ಎಂದು ಜಗಳಕ್ಕಿಳಿಯಬೇಡಿ. 2023ರ ಆರಂಭದಲ್ಲಿ ಬಂದ 15ನೇ ಆವೃತ್ತಿಯಲ್ಲೇ ಸ್ಟೈಲ್‌ಲಿಂಟ್ ಅಂಥ 76 ನಿಯಮಗಳಿಗೆ ವಿದಾಯ ಸೂಚಿಸಿ, 16ರಲ್ಲಿ ತೆಗೆದೇಹಾಕಿತು. ಆ ಕೆಲಸ ಕೋಡನ್ನು ತಾನೇ ಒಪ್ಪವಾಗಿ ಜೋಡಿಸುವ ಪ್ರೆಟಿಯರ್‌ಗೆ ಕೊಡಿ. ಕ್ಲಾಸ್ ಹೆಸರಿನಲ್ಲಿ ಜೋಡಿ ಅಂಡರ್‌ಸ್ಕೋರ್ ಬಳಸುವ ತಂಡವಾದರೆ ‘ಸೆಲೆಕ್ಟರ್-ಕ್ಲಾಸ್-ಪ್ಯಾಟರ್ನ್’ ನಿಯಮಕ್ಕೆ ‘ನಲ್’ ಕೊಟ್ಟು ಆರಿಸಿಬಿಡಿ. ಸ್ಟ್ಯಾಂಡರ್ಡ್ ಒಪ್ಪುವುದು ಒಂಟಿ ಹೈಫನ್ ಮಾತ್ರ.

ನಾವೇ ಸೇರಿಸಿದ ಒಂದು ನಿಯಮದ ಬಗ್ಗೆ ನನಗೆ ತುಸು ಹೆಮ್ಮೆಯಿದೆ: ಲೈನ್-ಹೈಟ್ ಪಿಕ್ಸೆಲ್‌ನಲ್ಲಿ ಕೂಡದು. ಇಂಗ್ಲಿಷ್ ಪುಟಕ್ಕೆ 20 ಪಿಕ್ಸೆಲ್ ಎಂದು ಬರೆದರೆ ನಡೆದೀತು. ಕನ್ನಡದಲ್ಲಿ ‘ಕೃಷ್ಣ’, ‘ಉತ್ಸವ’ ಎಂದು ಒತ್ತಕ್ಷರಗಳು ಕೆಳಗಿಳಿಯುತ್ತವೆ, ಮೇಲೆ ಗುಡಿಸು ಏರುತ್ತದೆ. ಓದುಗರು ಅಕ್ಷರ ದೊಡ್ಡದು ಮಾಡಿಕೊಂಡರೂ ಸಾಲಿನ ಎತ್ತರ ಅಷ್ಟೇ ಉಳಿದು ಸಾಲಿಗೆ ಸಾಲು ಡಿಕ್ಕಿ. 1.7 ಎಂದು ಬರಿಯ ಸಂಖ್ಯೆ ಕೊಟ್ಟರೆ ಅಕ್ಷರದ ಜೊತೆ ಎತ್ತರವೂ ಬೆಳೆಯುತ್ತದೆ. ಇದಕ್ಕೆ ‘ಡಿಕ್ಲರೇಷನ್-ಪ್ರಾಪರ್ಟಿ-ಯೂನಿಟ್-ಡಿಸ್‌ಅಲೌಡ್-ಲಿಸ್ಟ್’ ನಿಯಮದಲ್ಲಿ ಲೈನ್-ಹೈಟ್ ಎದುರು ಪಿಎಕ್ಸ್ ಬರೆದರಾಯಿತು.

ಪ್ಯಾಕೇಜನ್ನು ಎನ್‌ಪಿಎಂಗೆ ಏರಿಸಲೇಬೇಕೆಂದಿಲ್ಲ. ಗಿಟ್ ರೆಪೊಸಿಟರಿಯಲ್ಲಿ (ಕೋಡಿನ ಬದಲಾವಣೆಗಳ ದಾಖಲೆ ಇಡುವ ಭಂಡಾರ) ಇಟ್ಟು, ವಿಳಾಸದ ಕೊನೆಗೆ ಹ್ಯಾಶ್ ಗುರುತಿನೊಂದಿಗೆ ಟ್ಯಾಗ್ (ಆವೃತ್ತಿಗೆ ಕೊಟ್ಟ ಹೆಸರು) ಬರೆದರೆ ನೇರ ಇನ್‌ಸ್ಟಾಲ್ ಆಗುತ್ತದೆ. ಪ್ರಾಜೆಕ್ಟಿನ ಸ್ವಂತ ಕಾನ್ಫಿಗ್ ಕಡತದಲ್ಲಿ ಆಮೇಲೆ ಉಳಿಯುವುದು ಒಂದೇ ‘ಎಕ್ಸ್‌ಟೆಂಡ್ಸ್’ ಸಾಲು. ಒಮ್ಮೆ ಇಳಿಸಿಕೊಂಡರೆ ಲಿಂಟ್ ಓಡಲು ಇಂಟರ್‌ನೆಟ್ ಬೇಡ. ಮಲೆನಾಡಿನ ಜುಲೈ ಕಂಡವರಿಗೆ ಇದರ ಬೆಲೆ ಗೊತ್ತು.

ಹಳೇ ಪ್ರಾಜೆಕ್ಟಿನಲ್ಲಿ ಮೊದಲ ಸಲ ಓಡಿಸಿದಾಗ ಪರದೆ ತುಂಬ ದೂರು ಬರುತ್ತದೆ, ಹೆದರಬೇಡಿ. ‘ಫಿಕ್ಸ್’ ಆಯ್ಕೆ ಕೊಟ್ಟರೆ ಒಂದಷ್ಟು ತಾನೇ ಸರಿಯಾಗುತ್ತದೆ. ಆ ಬದಲಾವಣೆಗಳನ್ನು ಬೇರೆಯೇ ಕಮಿಟ್ ಮಾಡಿ, ಅಂದರೆ ಗಿಟ್‌ನಲ್ಲಿ ಪ್ರತ್ಯೇಕವಾಗಿ ದಾಖಲಿಸಿ. ಹೊಸ ಕೆಲಸದ ಜೊತೆ ಬೆರೆಸಿದರೆ ನಾಳೆ ಯಾರು ಏನು ತಿದ್ದಿದರೆಂದು ತಿಳಿಯದು. ‘ನೋ-ಡಿಸೆಂಡಿಂಗ್-ಸ್ಪೆಸಿಫಿಸಿಟಿ’ (ಹೆಚ್ಚು ಬಲದ ಸೆಲೆಕ್ಟರ್ ಆದ ಮೇಲೆ ಕಡಿಮೆ ಬಲದ್ದು ಬರಬಾರದೆನ್ನುವ ನಿಯಮ) ಹಳೇ ಕೋಡಿನ ಮೇಲೆ ವಿಪರೀತ ಕೂಗಾಡುತ್ತದೆ. ಅದರ ಸಿವಿಯಾರಿಟಿಯನ್ನು (ದೂರಿನ ತೀವ್ರತೆ) ‘ವಾರ್ನಿಂಗ್’ಗೆ ಇಳಿಸಿ, ಬಿಡುವಿದ್ದಾಗ ನೋಡಿಕೊಳ್ಳಿ.

ಕೊನೆಗೆ ಕಮಿಟ್ ಆಗುವ ಮುನ್ನ ತಪಾಸಣೆ ಓಡಿಸುವ ಹಸ್ಕಿ ಮತ್ತು ಲಿಂಟ್-ಸ್ಟೇಜ್ಡ್ ಎಂಬೆರಡು ಸಲಕರಣೆ ಜೋಡಿಸಿ. ಕಮಿಟ್‌ಗೆ ಸಿದ್ಧವಾದ ಕಡತಗಳಷ್ಟೇ ತಪಾಸಣೆಯಾಗುತ್ತವೆ, ಕಾಯುವುದೂ ಕಮ್ಮಿ. ಎಲ್ಲೋ ಒಂದು ಕಡೆ ನಿಯಮ ಮುರಿಯಲೇಬೇಕಾದರೆ ‘ಡಿಸೇಬಲ್’ ಕಾಮೆಂಟ್ ಇದೆ. ಎರಡು ಹೈಫನ್ ಹಾಕಿ ಪಕ್ಕದಲ್ಲೇ ಕಾರಣ ಬರೆಯಿರಿ. ನಮ್ಮಲ್ಲಿ ಕಾರಣವಿಲ್ಲದ ಡಿಸೇಬಲ್ ಕಂಡರೆ ಬರೆದವರದ್ದು ಸಂಜೆಯ ಚಹಾ ಖರ್ಚು. ಈವರೆಗೆ ಹೆಚ್ಚು ಕೊಟ್ಟವನು ನಾನೇ.