ಬಾಟಲಿಯೊಳಗಿನ ದಿಂಡಿಗ

ದಿಂಡಿಗ ಮರದ ಬೀಜ ಬಿತ್ತಿ ನೋಡಿದವರಿಗೆ ಅದರ ಮೋಸ ಗೊತ್ತು. ಅಂಗಿಯ ಗುಂಡಿಯಂಥ ಕಾಯಿಗೊಂಚಲು ಉದುರಿಸಿದರೆ ಹಿಡಿ ತುಂಬ ರೆಕ್ಕೆಬೀಜ ಸಿಗುತ್ತದೆ. ಬ್ಲೇಡಿನಿಂದ ಸೀಳಿದರೆ ಬಹುಪಾಲು ಜೊಳ್ಳು. ಮಡಿ ತುಂಬ ಚೆಲ್ಲಿದರೂ ಅಲ್ಲೊಂದು ಇಲ್ಲೊಂದು ಮೊಳಕೆ. ನರ್ಸರಿಗಳಲ್ಲಿ ಹೊಂಗೆ, ಬೇವು ರಾಶಿ ಬಿದ್ದಿರುವಾಗ ದಿಂಡಿಗ ಸಿಗದಿರುವುದಕ್ಕೆ ಕಾರಣ ಇಷ್ಟೇ. ಬಂಡಿಯ ಅಚ್ಚಿಗೆ, ಕೊಡಲಿಯ ಕಾವಿಗೆ ಹಿಂದೆ ಇದರ ಕಟ್ಟಿಗೆ ಬೇಕಾಗುತ್ತಿತ್ತು. ಬಾಣಂತಿಯ ಅಂಟಿನುಂಡಿಗೆ ಇದರ ಅಂಟು ಹಾಕುವ ಮನೆಗಳು ಇಂದಿಗೂ ಇವೆ.

ಧಾರವಾಡದಲ್ಲಿ ನನ್ನದೊಂದು ಸಣ್ಣ ಟಿಶ್ಯೂ ಕಲ್ಚರ್ ಲ್ಯಾಬ್ ಇದೆ. ಹೊಟ್ಟೆಪಾಡು ಜಿ-9 ಬಾಳೆ ಸಸಿಯದು. ಗದಗ ಜಿಲ್ಲೆಯ ಕಪ್ಪತಗುಡ್ಡದ ಬುಡದ ಕೆಲವು ರೈತರು ತಮ್ಮ ಬೀಳುಹೊಲಗಳಲ್ಲಿ ಗುಡ್ಡದ ಮರಗಳನ್ನೇ ಬೆಳೆಸಬೇಕೆಂದು ಬಂದಾಗ ದಿಂಡಿಗದ ಕೆಲಸ ಹಿಡಿದೆ. ಅವರ ಮೊದಲ ಪ್ರಶ್ನೆ, "ಇವು ಬಿಟಿ ಗಿಡ ಏನ್ರೀ ಮೇಡಮ್ಮಾರ?" ಅಲ್ಲ. ಇಲ್ಲಿ ಹೊರಗಿನ ಯಾವ ಜೀನನ್ನೂ ಸೇರಿಸುವುದಿಲ್ಲ, ಇದ್ದ ಗಿಡವನ್ನೇ ಬಾಟಲಿಯಲ್ಲಿ ಹೆಚ್ಚಿಸುತ್ತೇವೆ. ಆದರೂ ಪ್ರಶ್ನೆ ಸರಿಯಾದದ್ದೇ.

ಕಪ್ಪತಗುಡ್ಡ 2019ರಿಂದ ವನ್ಯಜೀವಿ ಅಭಯಾರಣ್ಯ. ಒಳಗಿಂದ ಸುಮ್ಮನೆ ಒಂದು ಕಡ್ಡಿ ಮುರಿದು ತರುವಂತಿಲ್ಲ. ಹಾಗಾಗಿ ಡೋಣಿ, ಕಡಕೋಳ ಸುತ್ತ ರೈತರದೇ ಬದುಗಳಲ್ಲಿ ಉಳಿದ ಮರಗಳನ್ನು ಬೀಜಕ್ಕಾಗಿ ಅವರ ಒಪ್ಪಿಗೆಯಿಂದ ಹುಡುಕಿದೆವು. ಒಂದರಿಂದ ಒಂದು ಕನಿಷ್ಠ ನೂರು ಮೀಟರ್ ದೂರ ಇರಬೇಕು, ಇಲ್ಲದಿದ್ದರೆ ಅಕ್ಕಪಕ್ಕದವು ಒಂದೇ ತಾಯಿಯ ಮಕ್ಕಳಾಗಿರುವ ಸಾಧ್ಯತೆ ಹೆಚ್ಚು. ಮೂವತ್ತಾದರೂ ತಾಯಿಮರ ಸಿಗುವತನಕ ಲ್ಯಾಬಿನ ಕೆಲಸ ಬೇಡ ಎಂದು ಹಟ ಹಿಡಿದೆ. "ಬೀಜ ಬೀಜಾನ, ಒಂದ ಮರದ್ದಾದ್ರೇನು?" ಎಂದು ಜೊತೆಗೆ ಬಂದ ಹುಡುಗರಿಗೆ ಬೇಸರ.

ಸೀಳಿ ನೋಡಿದರೆ ಬೀಜವೇ ಹಾಳಾಗುವುದರಿಂದ ಎಲ್ಲವನ್ನೂ ಸೋಪಿನ ನೀರಿನಲ್ಲಿ ತೊಳೆದು, 70% ಆಲ್ಕೋಹಾಲಿನಲ್ಲಿ ಅದ್ದಿ, ಸೋಸಿದ ಗಾಳಿ ಬೀಸುವ ಲ್ಯಾಮಿನಾರ್ ಪೆಟ್ಟಿಗೆಯೊಳಗೆ ಮರ್ಕ್ಯುರಿಕ್ ಕ್ಲೋರೈಡ್ ದ್ರಾವಣದಲ್ಲಿ ಕೆಲವು ನಿಮಿಷ ಇಟ್ಟು ಬಾಟಲಿಗೆ ಹಾಕಿದೆವು. ಮೀಡಿಯಾ, ಅಂದರೆ ಗಿಡಕ್ಕೆ ಬಾಟಲಿಯಲ್ಲಿ ಕೊಡುವ ಆಹಾರ, ಬಾಳೆಗೆ ಬಳಸುವ ಎಂಎಸ್ (ಮುರಾಶಿಗೆ-ಸ್ಕೂಗ್) ಮಿಶ್ರಣದ್ದೇ: ಲೀಟರಿಗೆ 30 ಗ್ರಾಂ ಸಕ್ಕರೆ, ಗಟ್ಟಿಯಾಗಲು ಅಗರ್, ಪಿಹೆಚ್ 5.8, ಆಟೋಕ್ಲೇವಿನಲ್ಲಿ 121 ಡಿಗ್ರಿ. ಮೊಳೆತ ಸಸಿಯ ಗೆಣ್ಣು ಕತ್ತರಿಸಿ ಬಿಎಪಿ ಹಾರ್ಮೋನು ಇರುವ ಮೀಡಿಯಾಕ್ಕೆ ಇಟ್ಟರೆ ಹೊಸ ಕುಡಿಗಳು ಒಡೆಯಬೇಕು. ಬಾಳೆಯಾಗಿದ್ದರೆ ಒಡೆಯುತ್ತಿತ್ತು. ದಿಂಡಿಗದಲ್ಲಿ ಚರ್ಮ ಹದ ಮಾಡಲು ಬಳಸುವಷ್ಟು ಟ್ಯಾನಿನ್ ಇದೆ. ಕತ್ತರಿಸಿದ ಬಾಯಿಂದ ಅದು ಸೋರಿ, ಎರಡು ಮೂರು ದಿನದಲ್ಲಿ ಮೀಡಿಯಾ ಕಡಕ್ ಚಹಾದ ಬಣ್ಣಕ್ಕೆ ತಿರುಗುತ್ತದೆ, ಗೆಣ್ಣು ಕಪ್ಪಾಗಿ ಸಾಯುತ್ತದೆ. ಆಸ್ಕಾರ್ಬಿಕ್ ಆಮ್ಲದಲ್ಲಿ ಅದ್ದುವುದು, ಮೀಡಿಯಾಕ್ಕೆ ಇದ್ದಿಲ ಪುಡಿ ಸೇರಿಸುವುದು, ಮೊದಲ ವಾರ ಮೇಲಿಂದ ಮೇಲೆ ಹೊಸ ಬಾಟಲಿಗೆ ದಾಟಿಸುವುದು, ಈ ಮೂರೂ ಸೇರಿದಾಗ ಕುಡಿ ಉಳಿಯತೊಡಗಿದವು. ಬೇರು ಬರಿಸಲು ಐಬಿಎ ಎಂಬ ಇನ್ನೊಂದು ಹಾರ್ಮೋನು. ಸಸಿಯನ್ನು ಹೊರಗಿನ ಹವೆಗೆ ಒಗ್ಗಿಸುವ ನೆರಳುಮನೆಯ ಹಾರ್ಡನಿಂಗಿನಲ್ಲಿ ಕೋಕೋಪೀಟಿಗೆ ಆ ಬದುಗಳದೇ ಒಂದಿಷ್ಟು ಮಣ್ಣು ಬೆರೆಸಿದೆವು. ಬೇರಿಗೆ ಬೇಕಾದ ಶಿಲೀಂಧ್ರ ಬಾಟಲಿಯಲ್ಲಿ ಇರುವುದಿಲ್ಲವಲ್ಲ.

ಅಪಾಯ ಶುರುವಾಗುವುದು ಕೆಲಸ ಕೈಹತ್ತಿದ ಮೇಲೆಯೇ. ಮೂವತ್ತು ತಾಯಿಗಳ ಮಕ್ಕಳಲ್ಲಿ ನಾಲ್ಕೈದು ಲೈನ್ (ಒಂದು ತಾಯಿಯ ಮಕ್ಕಳ ಸಾಲು) ಮಾತ್ರ ಸಲೀಸಾಗಿ ಕುಡಿ ಕೊಡುತ್ತವೆ, ಉಳಿದವು ಅಳುತ್ತ ಕೂರುತ್ತವೆ. ಲ್ಯಾಬಿನ ಲೆಕ್ಕಕ್ಕೆ ಆ ನಾಲ್ಕೈದೇ ಬಂಗಾರ: ಖರ್ಚು ಕಡಿಮೆ, ಸಂಖ್ಯೆ ಬೇಕಾದಷ್ಟು. ಆದರೆ ಬಾಟಲಿಯಲ್ಲಿ ಚುರುಕಾಗಿರುವ ಗಿಡ ಗುಡ್ಡದ ಬರಕ್ಕೆ, ಬೇಸಗೆಯ ಬೆಂಕಿಗೆ ತಡೆದುಕೊಳ್ಳುತ್ತದೆ ಎಂದು ಯಾರು ಹೇಳಿದರು? ನನ್ನ ಅನ್ನ ಹುಟ್ಟುವ ಬಾಳೆಯನ್ನೇ ನೋಡಿ. ಒಂದೇ ತದ್ರೂಪಿನ ಗ್ರೋಸ್ ಮಿಶೆಲ್ ತಳಿಯನ್ನು 1950ರ ದಶಕದ ಹೊತ್ತಿಗೆ ಪನಾಮಾ ಸೊರಗು ರೋಗ ರಫ್ತು ಮಾರುಕಟ್ಟೆಯಿಂದಲೇ ಓಡಿಸಿತು. ಅದರ ಜಾಗಕ್ಕೆ ಬಂದ ಕ್ಯಾವೆಂಡಿಷ್ ಗುಂಪಿನದೇ ಜಿ-9, ಅದಕ್ಕೂ ಈಗ ಟಿಆರ್4 ಎಂಬ ಹೊಸ ಸೊರಗು ಅಂಟಿದೆ. ತೋಟವಾದರೆ ಕಿತ್ತು ಬೇರೆ ಬೆಳೆ ಹಾಕಬಹುದು. ಗುಡ್ಡದಲ್ಲಿ ನೆಟ್ಟದ್ದನ್ನು ಹಾಗೆ ವಾಪಸ್ ತರಲಾಗದು.

ಹಾಗಾಗಿ ಪ್ರತಿ ಲೈನಿಗೂ ಮಿತಿ ಹಾಕಿದೆ. ಎಷ್ಟೇ ಚೆನ್ನಾಗಿ ಬಂದರೂ ಒಂದು ತಾಯಿಯ ಮಕ್ಕಳು ನಿಗದಿಗಿಂತ ಹೆಚ್ಚು ಹೊರಗೆ ಹೋಗುವುದಿಲ್ಲ. ಅಳುವ ಲೈನುಗಳಿಗೆ ಹೆಚ್ಚು ದಿನ, ಹೆಚ್ಚು ಬಾಟಲಿ. ಪ್ರತಿ ಬಾಟಲಿಗೂ ತಾಯಿಮರದ ನಂಬರು, ದಾಟಿಸಿದ ತಾರೀಖು. ಲೇಬಲ್ಲಿನ ವಿಷಯದಲ್ಲಿ ನಾನು ಹುಡುಗಿಯರಿಗೆ ರೇಗುವುದು ಹೆಚ್ಚೇ. ಕಾರಣವಿದೆ. 1904ರಲ್ಲಿ ನ್ಯೂಯಾರ್ಕಿನಲ್ಲಿ ಕಂಡ ಶಿಲೀಂಧ್ರ ರೋಗಕ್ಕೆ ಕೋಟಿಗಟ್ಟಲೆ ಅಮೆರಿಕನ್ ಚೆಸ್ಟ್‌ನಟ್ ಮರಗಳು ಹೋದವು. ಗೋಧಿಯ ಒಂದು ಜೀನ್ ಸೇರಿಸಿ ರೋಗ ತಡೆಯುವ ಮರ ಮಾಡಲು ಅಲ್ಲಿಯ ವಿಜ್ಞಾನಿಗಳು ದಶಕಗಳ ಕಾಲ ದುಡಿದರು. 2023ರಲ್ಲಿ ಗೊತ್ತಾದದ್ದೇನು? ಡಾರ್ಲಿಂಗ್ 58 ಎಂಬ ಲೈನ್ ಎಂದುಕೊಂಡು ಬೆಳೆಸುತ್ತಿದ್ದ ಗಿಡಗಳು ನಿಜವಾಗಿ ಡಾರ್ಲಿಂಗ್ 54 ಎಂಬ ಬೇರೆಯೇ ಲೈನ್. ಜೊತೆಗಿದ್ದ ಚೆಸ್ಟ್‌ನಟ್ ಪ್ರತಿಷ್ಠಾನ ಬೆಂಬಲ ಹಿಂತೆಗೆದುಕೊಂಡಿತು.

ಹಾಗೆಂದು ಜೀನ್ ಮುಟ್ಟುವುದೆಲ್ಲ ಪಾಪ ಎನ್ನುವ ಗುಂಪಿನವಳಲ್ಲ ನಾನು. ಅಮೆರಿಕದ ಕರಿಗಾಲಿನ ಫೆರೆಟ್ ಎಂಬ ಪ್ರಾಣಿಯ ಈಗಿನ ಸಂತತಿಯೆಲ್ಲ ಏಳೇ ಪ್ರಾಣಿಗಳಿಂದ ಬಂದದ್ದು. 1988ರಲ್ಲಿ ಸತ್ತ ಇನ್ನೊಂದು ಹೆಣ್ಣಿನ ಕೋಶ ಫ್ರೀಜ್ ಮಾಡಿಟ್ಟಿದ್ದರು, 2020ರಲ್ಲಿ ಅದರಿಂದ ತದ್ರೂಪು ಮರಿ ಹುಟ್ಟಿತು. ಕಳೆದುಹೋದ ಎಂಟನೆಯ ರಕ್ತವನ್ನು ಮರಳಿ ತರುವುದಾದರೆ ಕ್ಲೋನಿಂಗಿಗೆ ನನ್ನ ಪೂರ್ತಿ ಮತ. ಇದ್ದ ವೈವಿಧ್ಯವನ್ನು ಕುಗ್ಗಿಸುವುದಾದರೆ ಸಾದಾ ಟಿಶ್ಯೂ ಕಲ್ಚರಿಗೂ ಇಲ್ಲ.

ಬಿಟಿ ಎಂದು ಕೇಳಿದ ರೈತರಿಗೆ ನಾನು ನೆನಪಿಸುವುದು ಹತ್ತಿಬೀಜದ ಜೊತೆ ಬರುತ್ತಿದ್ದ ಆ ಸಣ್ಣ ಪೊಟ್ಟಣವನ್ನು. 450 ಗ್ರಾಂ ಬಿಟಿ ಬೀಜದ ಜೊತೆ 120 ಗ್ರಾಂ ಸಾದಾ ಬೀಜ, ಹೊಲದ ಸುತ್ತ ಬಿತ್ತಲು. ಸಾದಾ ಗಿಡದ ಮೇಲೆ ಬದುಕಿದ ಹುಳ, ಬಿಟಿ ಗಿಡದೊಳಗಿನ ವಿಷ ತಾಳುವ ಹುಳದ ಜೊತೆ ಕೂಡಿದರೆ ತಾಳುವ ಗುಣ ಬೇಗ ಹರಡುವುದಿಲ್ಲ ಎಂಬ ಲೆಕ್ಕ. ಬಿತ್ತಿದವರು ಕಡಿಮೆ, ಬದುವಿಗೆ ಎಸೆದವರೇ ಬಹಳ. ಗುಲಾಬಿ ಕಾಯಿಕೊರಕ ತಿರುಗಿ ಬಂದದ್ದನ್ನು ಹಾವೇರಿ, ಧಾರವಾಡದ ಹತ್ತಿಯವರಿಗೆ ಹೇಳಬೇಕಿಲ್ಲ.

ನಮ್ಮ ಸಸಿಗಳನ್ನು ನೇರವಾಗಿ ಗುಡ್ಡಕ್ಕೆ ಕೊಡುತ್ತಿಲ್ಲ. ರೈತರ ಬೀಳುಹೊಲದಲ್ಲಿ ಎಲ್ಲ ಲೈನುಗಳನ್ನು ಬೆರೆಸಿ ನೆಟ್ಟು ಬೀಜದ ತೋಪು ಮಾಡುತ್ತಿದ್ದೇವೆ. ಅವು ದೊಡ್ಡವಾಗಿ ತಮ್ಮತಮ್ಮಲ್ಲೇ ಪರಾಗ ಬೆರೆತು ಕೊಡುವ ಬೀಜವೇ ಮುಂದಿನ ನೆಡುವಿಕೆಗೆ. ವರ್ಷಗಳು ಹಿಡಿಯುತ್ತವೆ, ಹಣ ಕೊಡುವವರಿಗೆ ಇದು ರುಚಿಸುವುದಿಲ್ಲ.

ಮೊದಲ ಟ್ರೇಗಳನ್ನು ಒಯ್ಯಲು ಬಂದ ಹಿರಿಯರೊಬ್ಬರು ಸಸಿಗಳನ್ನು ತಿರುಗಿಸಿ ಮುರುಗಿಸಿ ನೋಡಿದರು. "ಒಂದು ಉದ್ದ, ಒಂದು ಗಿಡ್ಡ ಅದಾವಲ್ರೀ. ಬಾಳಿ ಸಸಿ ಹೆಂಗ ಒಂದೇ ಅಳತಿವು ಕೊಡ್ತೀರಿ, ಹಂಗ ಕೊಡ್ರಿ."

"ಅದನ್ನ ತಪ್ಪಸಾಕಂತನ ಇಷ್ಟೆಲ್ಲಾ ಮಾಡೇನಿ ಕಾಕಾರ," ಎಂದೆ.

ನಕ್ಕರು. ಅರ್ಧ ಟ್ರೇ ದಿಂಡಿಗ ಒಯ್ದರು, ಉಳಿದರ್ಧ ಜಾಗಕ್ಕೆ ಬೇವೇ ಇರಲಿ ಅಂದರು.