ಯೆಜ್ಡಿಗೆ ಕಿಕ್ಕರ್ ಹೊಡೆಯುವ ಮೊದಲು

ವರ್ಷಗಟ್ಟಲೆ ಮೂಲೆಯಲ್ಲಿ ನಿಂತ ಗಾಡಿ ಕೈಗೆ ಬಂದರೆ ಎಲ್ಲರಿಗೂ ಹುಟ್ಟುವ ಆಸೆ ಒಂದೇ. ಸ್ವಲ್ಪ ಪೆಟ್ರೋಲ್ ಹಾಕಿ ಕಿಕ್ಕರ್ ಹೊಡೆದು ನೋಡೋಣ ಅಂತ. ದಯವಿಟ್ಟು ಹೊಡೆಯಬೇಡಿ. ಸೋದರಮಾವ ಕೊಟ್ಟ ಯೆಜ್ಡಿ 250 ಬೈಕನ್ನು ರೆಡಿ ಮಾಡುವಾಗ ನಾನು ಆ ಕೆಲಸವನ್ನು ಕೊನೆಗೆ ಇಟ್ಟುಕೊಂಡೆ. ಅದರ ಸಿಲಿಂಡರ್ ಉಳಿದದ್ದು ಅದಕ್ಕೇ.

ಯೆಜ್ಡಿಯದು ಟೂ ಸ್ಟ್ರೋಕ್ ಇಂಜಿನ್. ಸಿಲಿಂಡರ್ ಗೋಡೆಯಲ್ಲೇ ಪೋರ್ಟ್‌ಗಳಿವೆ, ಅಂದರೆ ಗಾಳಿ, ಹೊಗೆ ಹಾದುಹೋಗುವ ಕಿಂಡಿಗಳು. ನಿಂತು ನಿಂತು ಪಿಸ್ಟನ್ ರಿಂಗ್ ತುಕ್ಕಿಗೆ ಕಚ್ಚಿಕೊಂಡಿರುತ್ತದೆ. ಜೋರಾಗಿ ಒದ್ದರೆ ರಿಂಗ್ ಮುರಿದು ಪೋರ್ಟ್‌ಗೆ ಸಿಕ್ಕಿಕೊಳ್ಳಬಹುದು, ಬೋರ್, ಅಂದರೆ ಸಿಲಿಂಡರ್ ಒಳಮೈ, ಗೀರಿಹೋಗಬಹುದು. ನಾನು ಸ್ಪಾರ್ಕ್ ಪ್ಲಗ್ ಬಿಚ್ಚಿ, ಡೀಸೆಲ್ ಮತ್ತು 2ಟಿ ಆಯಿಲ್ (ಟೂ ಸ್ಟ್ರೋಕ್ ಗಾಡಿಗೆ ಪೆಟ್ರೋಲ್ ಜೊತೆ ಹಾಕುವ ಆಯಿಲ್) ಬೆರೆಸಿ ಒಳಗೆ ಸುರಿದು ಕೆಲವು ದಿನ ಸುಮ್ನೆ ಬಿಟ್ಟೆ. ಆಮೇಲೆ ಟಾಪ್ ಗೇರ್‌ಗೆ ಹಾಕಿ ಹಿಂದಿನ ಚಕ್ರವನ್ನು ಕೈಯಲ್ಲೇ ಹಿಂದೆ ಮುಂದೆ ಅಲ್ಲಾಡಿಸಿದೆ. ಮೊದಲು ಕೂದಲೆಳೆಯಷ್ಟು ಅಲುಗಿತು, ಮಾರನೇ ದಿನ ಇನ್ನಷ್ಟು. ಬಲ ಹಾಕಲೇ ಇಲ್ಲ.

ಪಿಸ್ಟನ್ ಸಡಿಲವಾಯಿತು ಅಂತ ಇಂಜಿನ್ ಸರಿಯಿದೆ ಅಂದುಕೊಳ್ಳುವ ಹಾಗಿಲ್ಲ. ಟೂ ಸ್ಟ್ರೋಕ್ ಗಾಡಿಯ ಜೀವ ಇರುವುದು ಪಿಸ್ಟನ್ ತಿರುಗಿಸುವ ಕ್ರ್ಯಾಂಕ್‌ನ ಎರಡು ಬದಿಯ ಆಯಿಲ್ ಸೀಲ್‌ನಲ್ಲಿ, ಅಂದರೆ ಆಯಿಲ್, ಗಾಳಿ ನುಗ್ಗದಂತೆ ತಡೆಯುವ ಬಳೆಯಲ್ಲಿ. ಓಡದೆ ನಿಂತಾಗ ಅದರ ರಬ್ಬರ್ ಒಣಗಿ ಗಟ್ಟಿಯಾಗುತ್ತದೆ. ಎಡಗಡೆ ಕ್ಲಚ್, ಪ್ರೈಮರಿ ಚೈನ್ ಇರುತ್ತವೆ. ಆ ಬದಿಯ ಸೀಲ್ ಹೋದರೆ ಗೇರ್ ಆಯಿಲ್ ಒಳಗೆ ಎಳೆದುಕೊಂಡು ಉರಿಯುತ್ತದೆ. ಬಿಳಿ ಹೊಗೆ ನಿಲ್ಲುವುದೇ ಇಲ್ಲ, ಆಯಿಲ್ ಮಟ್ಟ ಇಳಿಯುತ್ತಾ ಹೋಗುತ್ತದೆ. ಬಲಗಡೆ ಡೈನಮೋ. ಅಲ್ಲಿನ ಸೀಲ್ ಹೋದರೆ ಹೊಗೆ ಬರಲ್ಲ, ಹಾಗಾಗಿ ಯಾರಿಗೂ ಗೊತ್ತಾಗಲ್ಲ. ಆದರೆ ಹೊರಗಿನ ಗಾಳಿ ಒಳಗೆ ನುಗ್ಗುತ್ತದೆ. ಗಾಳಿಗೆ ತಕ್ಕಷ್ಟು ಪೆಟ್ರೋಲ್ ಇರಲ್ಲ, ಪೆಟ್ರೋಲ್ ಜೊತೆ ಬರುವ ಆಯಿಲೂ ಕಡಿಮೆ. ಆಕ್ಸಿಲರೇಟರ್ ಬಿಟ್ಟರೂ ಇಂಜಿನ್ ಕೂಗುತ್ತಲೇ ಇರುತ್ತದೆ, ವಿಪರೀತ ಬಿಸಿಯಾಗುತ್ತದೆ, ಕೊನೆಗೆ ಪಿಸ್ಟನ್ ಜಾಮ್ ಆಗುತ್ತದೆ. ಇದಕ್ಕೇ ನಾನು ಇಂಜಿನ್ ಪೂರ್ತಿ ಬಿಚ್ಚಿಸಿ ಎರಡೂ ಸೀಲ್, ಜೊತೆಗೆ ಕ್ರ್ಯಾಂಕ್ ಬೇರಿಂಗ್ ಹೊಸದು ಹಾಕಿಸಿದೆ. ದುಡ್ಡು ಕಡಿಮೆ ಇದ್ದರೆ ಪೇಂಟ್ ಬಿಡಿ, ಕ್ರೋಮ್ ಬಿಡಿ, ಇದನ್ನು ಮಾತ್ರ ಬಿಡಬೇಡಿ.

ಟ್ಯಾಂಕ್ ಕೆಲಸಕ್ಕೆ ತಾಳ್ಮೆ ಬೇಕು. ಒಳಗೆ ಬಿಳಿ ವಿನೆಗರ್ ತುಂಬಿಸಿ, ಒಂದಷ್ಟು ನಟ್ಟುಗಳನ್ನು ಹಾಕಿ ಆಗಾಗ ಕುಲುಕುತ್ತಿದ್ದೆ. ಸುರಿದಾಗ ಕಪ್ಪು ಕೆಸರು, ತುಕ್ಕಿನ ಹಕ್ಕಳೆ ಎಲ್ಲಾ ಬಂತು. ನಂತರ ಅಡುಗೆ ಸೋಡಾ ಕದಡಿದ ನೀರಿನಲ್ಲಿ ತೊಳೆಯಬೇಕು, ಇಲ್ಲದಿದ್ದರೆ ಹುಳಿ ಒಳಗೇ ಉಳಿಯುತ್ತದೆ. ಇಲ್ಲಿ ತಡಮಾಡುವಂತಿಲ್ಲ. ಬೆಳ್ಳಗಾದ ಕಬ್ಬಿಣಕ್ಕೆ ನೀರು ಸೋಕಿದರೆ ನೋಡನೋಡುತ್ತಲೇ ಕಿತ್ತಳೆ ಬಣ್ಣದ ಪುಡಿ ಏಳುತ್ತದೆ. ಬಿಸಿಗಾಳಿ ಬಿಟ್ಟು ಒಣಗಿಸಿ, ಆಯಿಲ್ ಬೆರೆಸಿದ ಪೆಟ್ರೋಲ್ ಹಾಕಿ ಟ್ಯಾಂಕನ್ನು ಎಲ್ಲಾ ಕಡೆ ಹೊರಳಿಸಿದೆ. ಈಗಿನ ಪೆಟ್ರೋಲ್‌ನಲ್ಲಿ ಎಥೆನಾಲ್ ಇರುತ್ತದೆ. ಅದು ತೇವ ಹಿಡಿಯುತ್ತದೆ, ಹಳೆಯ ರಬ್ಬರನ್ನು ಹಾಳುಮಾಡುತ್ತದೆ. ಹಾಗಾಗಿ ಪೆಟ್ರೋಲ್ ಪೈಪ್, ವಾಷರ್‌ಗಳನ್ನೂ ಬದಲಿಸಿದೆ.

ಕಾರ್ಬ್ಯುರೇಟರ್ ಜೆಟ್ (ಪೆಟ್ರೋಲ್ ಹಾಯುವ ಸಣ್ಣ ತೂತಿನ ಬಿಡಿಭಾಗ) ಕ್ಲೀನ್ ಮಾಡಲು ಸ್ಟೀಲ್ ತಂತಿ ಹಾಕಬೇಡಿ, ತೂತು ದೊಡ್ಡದಾಗುತ್ತದೆ. ಕರೆಂಟ್ ವೈರಿನ ಒಂದೇ ಎಳೆ ತಾಮ್ರ ಸಾಕು. ಕಂಡೆನ್ಸರ್ ಹೊಸದು ಹಾಕಿ, ಸ್ಪಾರ್ಕ್‌ಗಾಗಿ ಕರೆಂಟ್ ಕೂಡಿಸಿ ಬಿಡಿಸುವ ಪಾಯಿಂಟ್ ಉಜ್ಜಿ ಗ್ಯಾಪ್ 0.4 ಮಿ.ಮೀ. ಇಟ್ಟೆ. 6 ವೋಲ್ಟ್ ಗಾಡಿಯಲ್ಲಿ ಲೈಟ್ ಮಂಕಾದರೆ ಮೊದಲು ಅರ್ಥ್ ವೈರ್ ನೋಡಿ. ಫ್ರೇಮಿಗೆ ತಾಗುವ ಜಾಗದಲ್ಲಿ ತುಕ್ಕು ಕೂತಿರುತ್ತದೆ.

ಯೆಜ್ಡಿಯಲ್ಲಿ ಕಿಕ್ಕರೂ ಗೇರೂ ಒಂದೇ ಲಿವರ್. ಒಳಕ್ಕೆ ಒತ್ತಿ ಮೇಲಕ್ಕೆ ತಿರುಗಿಸಿದರೆ ಕಿಕ್ಕರ್, ಕೆಳಗಿಳಿಸಿದರೆ ಗೇರ್. ಎಷ್ಟು ಜಾಣತನದ ಕೆಲಸ ಅಲ್ವಾ! 1961ರಿಂದ 1996ರವರೆಗೆ ಮೈಸೂರಿನ ಐಡಿಯಲ್ ಜಾವಾ ಕಾರ್ಖಾನೆಯಲ್ಲಿ ಮೊದಲು ಜಾವಾ, ಆಮೇಲೆ ಯೆಜ್ಡಿ ತಯಾರಾದವು. ಆ ಗಾಡಿಗಳನ್ನು ಓಡಿಸುತ್ತಲೇ ಇರಬೇಕು ಅನ್ನುವ ಆಸೆ ನನ್ನದು. ಇಂಜಿನ್ ಶುರುವಾದ ಮೇಲೆ ಮೊದಲ ಕೆಲವು ಟ್ಯಾಂಕ್‌ಗೆ ಲೀಟರಿಗೆ 40 ಮಿ.ಲೀ. 2ಟಿ ಆಯಿಲ್ ಬೆರೆಸಿದೆ, ವೇಗ ಕಡಿಮೆ ಇಟ್ಟೆ. ಇಂಜಿನ್ ಪೂರ್ತಿ ತಣ್ಣಗಾದ ಮೇಲೆ ಹೆಡ್ ನಟ್‌ಗಳನ್ನು ಮತ್ತೆ ಬಿಗಿಮಾಡಿದೆ.

ಹೊಸ ಪೇಂಟ್ ಹೊಡೆಸಲಿಲ್ಲ. ರಬ್ಬಿಂಗ್ ಕಾಂಪೌಂಡ್ ಹಾಕಿ ಉಜ್ಜಿದಾಗ ಹಳೆಯ ಮರೂನ್ ಬಣ್ಣ ಮುಕ್ಕಾಲು ಭಾಗ ಹೊರಗೆ ಬಂತು. ಕಂಪನಿಯಲ್ಲಿ ಕೊಟ್ಟ ಬಣ್ಣ ಒಮ್ಮೆ ಕೆರೆದರೆ ಮತ್ತೆ ಸಿಗಲ್ಲ. ಗೀರು ಇದ್ದರೆ ಇರಲಿ.

ಹಳೆಯ ಗಾಡಿ ಕೊಳ್ಳುವವರು ಸ್ಪ್ಯಾನರ್ ಹಿಡಿಯುವ ಮುಂಚೆ ಇಂಜಿನ್ ನಂಬರ್, ಚಾಸಿ ನಂಬರ್ ಆರ್‌ಸಿ (ನೋಂದಣಿ ಪತ್ರ) ಜೊತೆ ತಾಳೆ ನೋಡಿ. ಆರ್‌ಸಿ 15 ವರ್ಷಕ್ಕೆ ಮುಗಿಯುತ್ತದೆ. ಆಮೇಲೆ 5 ವರ್ಷಕ್ಕೊಮ್ಮೆ ಆರ್‌ಟಿಒದಲ್ಲಿ ಗಾಡಿ ತೋರಿಸಿ ನವೀಕರಿಸಬೇಕು. 50 ವರ್ಷ ದಾಟಿದ ಗಾಡಿಗೆ 2021ರಿಂದ ಬೇರೆಯಾಗಿ ವಿಂಟೇಜ್ ನೋಂದಣಿ ಇದೆ. ಆದರೆ ಅದನ್ನು ಮಾಡಿಸಿದರೆ ದಿನನಿತ್ಯ ಓಡಿಸುವಂತಿಲ್ಲ. ದಿನಾ ಓಡಿಸುವ ಆಸೆ ಇದ್ದವರು ಮಾಮೂಲಿ ಆರ್‌ಸಿಯನ್ನೇ ನವೀಕರಿಸಿಕೊಳ್ಳುವುದು ಒಳ್ಳೆಯದು.